ಕೇಳದೆ ಸಕ್ಕರೆ ಹಾಕಬಾರದು

ಅಕ್ಕೋರನ್ನು ಮಣ್ಣು ಮಾಡಿ ಬಂದ ಮೇಲೆ ಹುನಗುಂದದ ಆ ಮನೆಯ ಮುಂದೆ ಕೈಕಾಲು ತೊಳೆದುಕೊಳ್ಳುತ್ತಿದ್ದಾಗ ಅವರ ಅಣ್ಣ ನನ್ನ ಪಕ್ಕ ಬಂದು ನಿಂತರು. ತಂಬಿಗೆ ಕೆಳಗಿಟ್ಟು ಮೆಲ್ಲಗೆ ಕೇಳಿದರು.

"ಆ ಇಳಕಲ್ಲದ ಸಾಬರು ಯಾರ್ರಿ? ನಮ್ಮ ತಂಗಿಗೆ ಅವರು ಹೆಂಗ ಗುರ್ತು?"

"ಒಂದು ಬಟನ್ನಿಂದ ಗುರ್ತ್ರಿ," ಎಂದೆ.

ಅಣ್ಣ ನನ್ನ ಮುಖ ನೋಡಿದರು. ಹೆಣ ಎತ್ತಿದ ಮನೆಯಲ್ಲಿ ಚೇಷ್ಟೆ ಮಾಡುವವನಂತೆ ನಾನು ಕಾಣುವುದಿಲ್ಲ. ಹಾಗಾಗಿ ಅವರು ಮುಂದೆ ಏನೂ ಕೇಳದೆ ಒಳಗೆ ಹೋದರು. ನಾನು ಹೇಳಿದ್ದು ಖರೆಯೇ ಆಗಿತ್ತು. ಆದರೆ ಅದನ್ನು ಬಿಡಿಸಿ ಹೇಳಲು ಆಗ ಸಮಯವಿರಲಿಲ್ಲ. ಈಗ ಹೇಳುತ್ತೇನೆ.

ಅವರ ತಂಗಿ ನಮ್ಮ ಆಫೀಸಿನಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದರು. ಅದಕ್ಕೂ ಮೊದಲು ಕೆಲವು ವರ್ಷ ಎಲ್ಲೋ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದ್ದರಿಂದ ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಆಫೀಸು ಎಂದರೆ ಬಾಗಲಕೋಟೆಯ ನವನಗರದಲ್ಲಿ ಒಂದು ಔಷಧದ ಅಂಗಡಿಯ ಮಾಳಿಗೆ. ಯಂತ್ರಗಳಿಗೆ ಮುಟ್ಟಿ ನಡೆಸುವ ಪರದೆ ಮಾಡಿಕೊಡುವುದು ನಮ್ಮ ದಂಧೆ. ಗಿರಣಿ, ಐಸ್ ಫ್ಯಾಕ್ಟರಿ, ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಗಳು, ಎಲ್ಲಿಂದ ಕೆಲಸ ಬಂದರೂ ಬೇಡ ಅನ್ನುತ್ತಿರಲಿಲ್ಲ. ನಾನು ದಿನಾ ಬಾದಾಮಿಯಿಂದ ಬರುವವನು. ಪರದೆಯ ಬಣ್ಣ, ಅಕ್ಷರದ ಗಾತ್ರ, ಚಿತ್ರ, ಇಷ್ಟು ನನ್ನ ಪಾಲು. ಪರದೆಯ ಹಿಂದೆ ಏನು ನಡೆಯುತ್ತದೆ ಎನ್ನುವುದು ಅಕ್ಕೋರು ಮತ್ತು ಬಸವರಾಜನ ಪಾಲು. ಬಸವರಾಜ ಅವರಿಗಿಂತ ಬಹಳ ಚಿಕ್ಕವನು, ಬಹಳ ಚುರುಕು, ಮತ್ತು ಅವರ ಕೈಯಲ್ಲಿ ದಿನಾ ಬೈಸಿಕೊಳ್ಳುವವನು.

ಅವರು ಬಂದ ಮೊದಲ ದಿನ ನಾನೇ ಚಹಾ ತರಿಸಿದ್ದೆ. ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು.

"ಸಕ್ರಿ ಹಾಕ್ಯಾರ."

"ಹಾಕ್ತಾರ್ರಿ. ಚಾ ಅಂದ್ರ ಸಕ್ರಿ ಇದ್ದ ಇರ್ತೈತಿ."

"ಕೇಳಿದ್ರೇನು ನನ್ನ? ಕೇಳಲಾರದ ಸಕ್ರಿ ಹಾಕಿ ಕೊಟ್ರ ಅದು ನನ್ನ ಚಾ ಅಲ್ರಿ, ನಿಮ್ಮ ಚಾ. ನೀವ ಕುಡೀರಿ."

ನಿಜವಾಗಿಯೂ ಕಪ್ಪನ್ನು ನನ್ನ ಕಡೆ ಸರಿಸಿದರು. ಮೊದಲ ದಿನವೇ ಇಷ್ಟು ಖಾರ ಇದ್ದವರು ಮುಂದೆ ಹೇಗೋ ಎಂದುಕೊಂಡೆ. ಮುಂದೆ ತಿಳಿದದ್ದೇನೆಂದರೆ, ಅವರು ಸಕ್ಕರೆ ಹಾಕಿಕೊಂಡೇ ಕುಡಿಯುತ್ತಿದ್ದರು, ಅದೂ ಎಲ್ಲರಿಗಿಂತ ಒಂದು ಚಮಚ ಹೆಚ್ಚು. ತಕರಾರು ಸಕ್ಕರೆಯದಾಗಿರಲಿಲ್ಲ.

ಹುನಗುಂದದ ಬಸ್ಸಿನಲ್ಲಿ ಅವರಿಗೂ ಕಂಡಕ್ಟರನಿಗೂ ಆಗಾಗ ನಡೆಯುತ್ತಿದ್ದ ಜಟಾಪಟಿಯೂ ಇಂಥದ್ದೇ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆ ಪುಣ್ಯಾತ್ಮ ಅವರ ಮುಖ ಕಂಡ ಕೂಡಲೆ ಬಾಗಲಕೋಟೆಗೆ ಚೀಟಿ ಹರಿದು ಕೊಡುತ್ತಿದ್ದ. ದಿನಾ ಹೋಗುವವರು, ಮತ್ತೇನು ಕೇಳುವುದು? ಒಂದು ದಿನ ಅವರು ಚೀಟಿ ತೆಗೆದುಕೊಳ್ಳದೆ ಕೈ ಕಟ್ಟಿ ಕುಳಿತರಂತೆ.

"ಎಲ್ಲಿಗೆ ಅಂತ ಕೇಳು ಮದಲ."

"ಬಾಗಲಕೋಟಿಗಲ್ರಿ?"

"ನಾ ಇವತ್ತ ಅಮೀನಗಡದಾಗ ಇಳಿಯಾಕಿ."

ಅಮೀನಗಡದಲ್ಲಿ ಅವರಿಗೆ ಆ ದಿನ ಕೆಲಸವೇನಿತ್ತೆಂದು ಯಾರಿಗೂ ಗೊತ್ತಿಲ್ಲ. ಇಳಿದು, ಕರದಂಟು ಕಟ್ಟಿಸಿಕೊಂಡು, ಮುಂದಿನ ಬಸ್ಸಿಗೆ ಬಂದರು. ಆಫೀಸಿಗೆ ತಡವಾಯಿತು. ಕರದಂಟು ನಮಗೆಲ್ಲ ಹಂಚಿದರು. ಬೇಕೋ ಬೇಡವೋ ಎಂದು ಒಬ್ಬೊಬ್ಬರನ್ನೂ ಕೇಳಿಯೇ ಹಂಚಿದರು.

ಇಷ್ಟು ಓದಿದರೆ ಅವರೊಬ್ಬ ತಮಾಷೆಯ ಹೆಂಗಸು ಎನಿಸಬಹುದು. ಜೊತೆಗೆ ಕೆಲಸ ಮಾಡುವವರಿಗೆ ಅಷ್ಟೇನೂ ತಮಾಷೆ ಇರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಪರದೆಯ ಗಾಜನ್ನು ಪೆನ್ನಿನ ಹಿಂಭಾಗದಿಂದ ಟಕಟಕ ಕುಟ್ಟಿ, "ಇದು ಯಾರ ಮಾತು? ನಿಮ್ಮದೋ, ಮದ್ಲ ಇದ್ದದ್ದೋ?" ಎಂದು ಕೇಳಿದರೆಂದರೆ ಆ ಮಧ್ಯಾಹ್ನ ಹಾಳಾಯಿತು ಎಂದೇ ಲೆಕ್ಕ. ನನ್ನ ಬಣ್ಣಗಳ ಮೇಲೂ ಈ ಪ್ರಶ್ನೆ ಬೀಳುತ್ತಿತ್ತು. ಬಟನ್ನಿಗೆ ಬೂದು ಬಣ್ಣ ಯಾಕೆ? ಮೊದಲಿನಿಂದ ಹಾಗೇ ಇತ್ತು ಎಂದರೆ ಮುಗಿಯಿತು, ಅರ್ಧ ಗಂಟೆ ಪಾಠ. ಅವರ ಮೇಲೆ ನನಗೆ ಆಗ ಬಹಳ ಪ್ರೀತಿ ಇತ್ತು ಎಂದರೆ ಸುಳ್ಳಾದೀತು.

ಮನೆಯಲ್ಲೂ ಅವರು ಹೀಗೇ ಇದ್ದರಂತೆ. ಅವರದು ಬೀರಪ್ಪನಿಗೆ ನಡೆದುಕೊಳ್ಳುವ ಮನೆತನ. ಅಣ್ಣ ಕುರಿ ಸಾಕಿದವರು, ಹೊಲ ಮಾಡಿದವರು. ಇವರು ಮದುವೆಯಾಗದೆ ಆ ಮನೆಯಲ್ಲೇ ಉಳಿದರು. ಅಣ್ಣನ ಮಗಳಿಗೆ ಗಂಡು ಗೊತ್ತು ಮಾಡಿ, ಎರಡೂ ಕಡೆಯ ಹಿರಿಯರು ಕುಳಿತು, ಇನ್ನೇನು ಎಲೆಅಡಿಕೆ ಬದಲಾಯಿಸಬೇಕು ಅನ್ನುವಾಗ ಅಕ್ಕೋರು ಬಾಗಿಲಲ್ಲಿ ನಿಂತು ಕೇಳಿದರಂತೆ.

"ಹುಡಿಗಿ ಏನಂತಾಳ?"

"ಆಕಿದೇನೈತವ್ವಾ, ಒಪ್ಪಿಗಿ ಇದ್ದ ಇರ್ತೈತಿ," ಎಂದರು ಹಿರಿಯರು.

"ಇದ್ದ ಇರ್ತೈತಿ ಅನ್ನೂದು ನೀವು. ಆಕಿ ಅಂದಿಲ್ಲ. ಆಕಿ ಅನ್ನಲಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಗಂಡಿನ ಕಡೆಯವರು ಏಳುವಂತೆ ಕಂಡರು. ಅಣ್ಣನ ಮುಖ ಕಪ್ಪಿಟ್ಟಿತು. ಕೊನೆಗೆ ಹುಡುಗಿಯನ್ನು ಕರೆದು ಕೇಳಿದರು. ಆಕೆ ಹೊರಗಿನ ಓಣಿಗೂ ಕೇಳುವಂತೆ "ಹೂಂ, ನನಗ ಪಸಂದ ಅದಾನ" ಎಂದುಬಿಟ್ಟಳು. ಇಷ್ಟಕ್ಕೆ ಇಷ್ಟೆಲ್ಲ ಬೇಕಿತ್ತೇ ಎಂದು ಎಲ್ಲರೂ ಅಕ್ಕೋರನ್ನೇ ಬೈದರು. ಈ ಕತೆಯನ್ನು ಅವರೇ ಹೇಳಿ ನಗುತ್ತಿದ್ದರು. ಬೈಸಿಕೊಂಡ ಭಾಗವನ್ನು ಹೇಳುವಾಗ ಹೆಚ್ಚು ನಗುತ್ತಿದ್ದರು.

ಈಗ ಬಟನ್ನಿನ ವಿಷಯ.

ಪರದೆಯ ಮೇಲೆ ಕಾಣುವ ಬಟನ್ನನ್ನು ಯಾರೂ ಬುನಾದಿಯಿಂದ ಕಟ್ಟುವುದಿಲ್ಲ. ಒಂದು ಮೂಲ ಬಟನ್ ಸಿದ್ಧವಾಗಿ ಬಂದಿರುತ್ತದೆ. ಅದರಿಂದ ನಮಗೆ ಬೇಕಾದ ಬಟನ್ ಹುಟ್ಟಿಸಿಕೊಳ್ಳುತ್ತೇವೆ. ಹಾಗೆ ಹುಟ್ಟಿದ್ದಕ್ಕೆ ಮೂಲದ ಗುಣಗಳೆಲ್ಲ ಬಳುವಳಿಯಾಗಿ ಬರುತ್ತವೆ: ಅಗಲ, ಬಣ್ಣ, ಮೇಲಿನ ಬರಹ. ಅವುಗಳಲ್ಲಿ ಒಂದರ ಹೆಸರು ಎನೇಬಲ್ಡ್. ಒತ್ತಿದರೆ ಈ ಬಟನ್ ಈಗ ಕೆಲಸ ಮಾಡಬೇಕೋ ಬೇಡವೋ ಎಂಬುದನ್ನು ಅದು ನಿರ್ಧರಿಸುತ್ತದೆ. ಮೂಲದಲ್ಲಿ ಅದಕ್ಕೆ ಟ್ರೂ, ಅಂದರೆ ಹೌದು, ಎಂದೇ ಬರೆದಿರುತ್ತದೆ. ನೀವು ಏನೂ ಬರೆಯದೆ ಸುಮ್ಮನಿದ್ದರೆ ನಿಮ್ಮ ಬಟನ್ನೂ ಯಾವಾಗಲೂ ಹೌದು. ಕ್ಯಾಲ್ಕುಲೇಟರಿಗೆ ಇದರಿಂದ ಏನೂ ತೊಂದರೆಯಿಲ್ಲ.

ಇಳಕಲ್ಲಿನ ಒಂದು ಕಾರ್ಖಾನೆಗೆ ನಾವು ಪರದೆ ಮಾಡಿಕೊಟ್ಟೆವು. ಅಲ್ಲಿ ಗ್ರಾನೈಟ್ ಹಲಗೆಯ ಮೇಲೆ ದುಂಡನೆಯ ಭಾರದ ತಲೆಗಳು ಇಳಿದು, ತಿರುಗಿ, ಕಲ್ಲನ್ನು ನುಣುಪು ಮಾಡುತ್ತವೆ. ನೀರು ಸದಾ ಸುರಿಯುತ್ತಿರುತ್ತದೆ. ಮಾತಾಡಿದರೆ ಕೇಳದಷ್ಟು ಸದ್ದು. ನಡುನಡುವೆ ಯಂತ್ರ ನಿಲ್ಲಿಸಿ, ತಲೆಯ ಕೆಳಗೆ ಕೈ ಹಾಕಿ, ಸವೆದ ಉಜ್ಜುಗಲ್ಲಿನ ಬಿಲ್ಲೆ ಬದಲಿಸಬೇಕು. ಆ ಕೆಲಸ ರಾಜೇಸಾಬನದು. ಅವನಿಗಿಂತ ಮುಂಚೆ ಅವನ ತಂದೆಯದು. ಅಲ್ಲಿ ಅವರದೇ ಒಂದು ರೂಢಿ ಇತ್ತು. ತಲೆಯ ಕೆಳಗೆ ಕೈ ಹಾಕುವವನು ಹೆಗಲ ಮೇಲಿನ ಟವೆಲನ್ನು ಯಂತ್ರ ನಡೆಸುವ ಹಿಡಿಕೆಯ ಮೇಲೆ ಹಾಕಿ ಹೋಗಬೇಕು. ಟವೆಲ್ ಇರುವ ತನಕ ಯಾರೂ ಹಿಡಿಕೆ ಮುಟ್ಟುವಂತಿಲ್ಲ. ಹಾಕಿದವನೇ ತೆಗೆಯಬೇಕು, ಇನ್ನೊಬ್ಬರು ತೆಗೆಯುವಂತಿಲ್ಲ, ಅದು ಮಾಲಕನೇ ಆಗಿರಲಿ.

ನಾವು ಹೋಗಿ ಆ ಹಿಡಿಕೆಯನ್ನು ಕಿತ್ತು ಹಾಕಿ, ಅದರ ಜಾಗದಲ್ಲಿ ನುಣ್ಣನೆಯ ಗಾಜಿನ ಪರದೆ ನಿಲ್ಲಿಸಿದೆವು. ನನ್ನ ಬಣ್ಣಗಳು ಚೆನ್ನಾಗಿ ಬಂದಿದ್ದವು. ಟವೆಲ್ ಹಾಕಲು ಗಾಜಿನ ಮೇಲೆ ಜಾಗವಿರಲಿಲ್ಲ. ರಾಜೇಸಾಬ ಪಕ್ಕದ ಕಂಬಿಯ ಮೇಲೆ ಹಾಕಿ ಕೆಳಗೆ ಕೈ ಹಾಕಿದ. ಆಗ ಕಾರ್ಖಾನೆಯ ಯಜಮಾನರು ಬಂದರು. ಅಕ್ಕೋರು ಅವರಿಗೆ ಪರದೆ ತೋರಿಸುತ್ತ, ವಿವರಿಸುತ್ತ, 'ತಲೆ ಇಳಿಸು' ಎಂಬ ಬಟನ್ ಒತ್ತಿದರು.

ಸುಂಯ್ ಎಂದು ಗಾಳಿ ಬಿಟ್ಟುಕೊಂಡು ತಲೆ ಇಳಿಯಿತು. ರಾಜೇಸಾಬ ಆ ಸದ್ದಿಗೇ ಕೈ ಎಳೆದುಕೊಂಡ. ಅವನ ಕೈಯಲ್ಲಿದ್ದ ಬಿಲ್ಲೆ ಒಳಗೇ ಉಳಿದು ಪುಡಿಯಾಯಿತು. ಅವನಿಗೆ ಏನೂ ಆಗಲಿಲ್ಲ. ಎದ್ದು ಬಂದ, ನಲ್ಲಿಯಲ್ಲಿ ಕೈ ತೊಳೆದ, ಕಂಬಿಯ ಮೇಲಿಂದ ಟವೆಲ್ ತೆಗೆದುಕೊಂಡು ಒರೆಸಿಕೊಂಡ. ಆಮೇಲೆ ಅಕ್ಕೋರ ಹತ್ತಿರ ಬಂದು ಇಷ್ಟೇ ಹೇಳಿದ.

"ಟವೆಲ್ ಇತ್ತಲ್ರಿ, ಮೇಡಂ."

ಅವನು ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಆ ದಿನ ಇಳಕಲ್ ಸ್ಟ್ಯಾಂಡಿನ ಗದ್ದಲದಲ್ಲಿ ಬಸ್ಸಿಗೆ ಕಾಯುವಾಗ ಬಟನ್ ಒತ್ತಿದ ಬಲಗೈಯನ್ನೇ ಅವರು ನೋಡುತ್ತಿದ್ದರು. ಅದನ್ನು ಎಡಗೈಯಿಂದ ಹಿಡಿದುಕೊಂಡು ಕುಳಿತಿದ್ದರು. ನಾನು ಚಹಾ ತರಲೇ ಎಂದು ಕೇಳಿದೆ, ಸಕ್ಕರೆಯ ವಿಷಯವನ್ನೂ ಕೇಳಿದೆ. ಅಷ್ಟರಲ್ಲಿ ಬಂದ ಬಸ್ಸನ್ನು ಅವರು ಎದ್ದು ಹತ್ತಿದರು. ಬಸ್ಸು ಹುನಗುಂದ ಮುಟ್ಟುವ ಹೊತ್ತಿಗೆ ಒಂದು ಮಾತಾಡಿದರು.

"ಆ ಬಟನ್ನಿಗೆ ನಾ ಏನೂ ಬರದಿದ್ದಿಲ್ಲ. ಬರೀಲಿಲ್ಲ ಅಂದ್ರ ಹೂಂ ಅಂದಂಗ ಆತು. ಆದ್ರ ನಾ ಹೂಂ ಅಂದಿದ್ದಿಲ್ಲಲ್ರಿ."

ಮರುದಿನ ಅವರು ಎಲ್ಲರಿಗಿಂತ ಮೊದಲು ಬಂದಿದ್ದರು. ನಮ್ಮ ಯಂತ್ರಗಳ ಬಟನ್ನುಗಳೆಲ್ಲ ಹುಟ್ಟುವ ಕಡತದಲ್ಲಿ ಒಂದೇ ಒಂದು ಸಾಲು ಸೇರಿಸಿದ್ದರು: ರಿಕ್ವೈರ್ಡ್ ಎನೇಬಲ್ಡ್. ಬಳುವಳಿಯಾಗಿ ಬಂದ ಆ ಗುಣವನ್ನು ಇನ್ನು ಮುಂದೆ ಸುಮ್ಮನೆ ಹೊತ್ತುಕೊಂಡು ಹೋಗುವಂತಿಲ್ಲ, ಬಟನ್ ಇಡುವವನು ಪ್ರತಿಸಲ ತಾನೇ ಬರೆಯಬೇಕು ಎಂದು ಅದರ ಅರ್ಥ. ಬರೆಯದಿದ್ದರೆ ಪರದೆ ಏಳುವುದೇ ಇಲ್ಲ. ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂದು ನಿಲ್ಲುತ್ತದೆ.

ಹನ್ನೊಂದರ ಹೊತ್ತಿಗೆ ಬಸವರಾಜ ತಲೆ ಮೇಲೆ ಕೈ ಹೊತ್ತು ಕುಳಿತಿದ್ದ. ಒಂದೂ ಪರದೆ ಏಳುತ್ತಿರಲಿಲ್ಲ, ಗಿರಣಿಯದೂ ಇಲ್ಲ, ಐಸ್ ಫ್ಯಾಕ್ಟರಿಯದೂ ಇಲ್ಲ. ಎಲ್ಲ ಕಡೆ ಕೆಂಪು. ಇಳಕಲ್ಲಿನ ಉಳಿದ ಯಂತ್ರಗಳಿಗೆ ಆ ವಾರವೇ ಪರದೆ ಕೂರಿಸಿಕೊಡಬೇಕಿತ್ತು. ನಮ್ಮ ಮಾಲಕರು ಕೆಳಗಿನಿಂದಲೇ ಕೂಗುತ್ತ ಮೆಟ್ಟಿಲು ಹತ್ತಿ ಬಂದರು. ಅವರು ಕೆಟ್ಟವರಲ್ಲ. ಹೆಂಡತಿಯ ಕಡೆಯವರ ಮುಂದೆ ಮಾತು ಕೊಟ್ಟು ಈ ಆಫೀಸು ತೆಗೆದವರು, ಅಷ್ಟೇ.

"ಅಕ್ಕೋರ, ಆ ಒಂದ ಸಾಲು ತಗೀರಿ. ಇಳಕಲ್ಲ ಕೆಲಸ ಮುಗೀಲಿ, ಆಮ್ಯಾಲ ಹಾಕೋಣಂತ."

"ತಗಿಯಂಗಿಲ್ರಿ."

"ಒಂದ ಬಟನ್ನಿಗೆ ತಪ್ಪಾತು ಅಂದ್ರ ಆ ಬಟನ್ ರಿಪೇರಿ ಮಾಡ್ರಿ. ಊರ ಮಂದಿ ಬಾಯಿಗೆಲ್ಲ ಯಾಕ ಬೀಗ ಹಾಕ್ತೀರಿ?"

"ಬೀಗ ಹಾಕಿಲ್ರಿ. ಬಾಯಿ ತಗೀರಿ ಅಂದೇನಿ."

ಇದು ಕೆಲಸ ಹೋಗುವ ಮಾತಾಗುತ್ತಿದೆ ಎಂದು ನನಗೆ ಅನಿಸಿತು. ಮಾಲಕರಿಗೂ ಅನಿಸಿರಬೇಕು. ಅವರು ಸ್ವಲ್ಪ ತಣ್ಣಗಾಗಿ, "ಹಂಗಂದ್ರ ಎಲ್ಲಾ ಕಡೆ ಟ್ರೂ ಅಂತ ಬರದ ಒಗೀರಿ, ಮುಗೀತು," ಎಂದರು.

ಅಕ್ಕೋರು ಕುರ್ಚಿಯಿಂದ ಎದ್ದರು. ಇಳಕಲ್ಲಿನ ಅದೇ ಪರದೆಯನ್ನು ತೆರೆದು, 'ತಲೆ ಇಳಿಸು' ಬಟನ್ನಿನ ಹತ್ತಿರ ತಂದು ನಿಲ್ಲಿಸಿ, ಕೀಲಿಮಣೆಯನ್ನು ಮಾಲಕರ ಕಡೆ ತಿರುಗಿಸಿದರು.

"ಬರೀರಿ. ನಾ ಬ್ಯಾಡ ಅನ್ನೂದಿಲ್ಲ. ಟ್ರೂ ಅಂತ ನಾಕ ಅಕ್ಷರ. ಆದ್ರ ನೀವ ಬರೀರಿ."

ಮಾಲಕರು ಕುಳಿತರು. ಬೆರಳು ಕೀಲಿಗಳ ಮೇಲಿಟ್ಟರು. ರಾಜೇಸಾಬನನ್ನು ಅವರು ನೋಡಿರಲಿಲ್ಲ. ಆದರೆ ಹಿಂದಿನ ದಿನದ ಸಂಗತಿ ಕೇಳಿದ್ದರು. ಅವರ ಬೆರಳು ಅಲ್ಲೇ ಇತ್ತು. ಕೊನೆಗೆ ಮಾಲಕರು ಎದ್ದು, "ಚಾ ಕುಡದ ಬರ್ತೇನಿ," ಎಂದು ಕೆಳಗಿಳಿದು ಹೋದರು. ಆ ದಿನ ಅವರು ಮತ್ತೆ ಮೇಲೆ ಬರಲಿಲ್ಲ, ಆ ಸಾಲು ಹಾಗೇ ಉಳಿಯಿತು.

ಅಕ್ಕೋರ ಮೇಲೆ ನನಗೆ ಗೌರವ ಹುಟ್ಟಿದ್ದು ಅಂದೇ. ಅದನ್ನು ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಯಾಕೆ, ಏನು ಎಂದು ವಿವರ ಕೇಳುತ್ತಿದ್ದರು.

ಗೆಲುವೇನೂ ಪುಕ್ಕಟೆಯಾಗಿ ಬರಲಿಲ್ಲ. ಒಂದೊಂದೇ ಪರದೆ ತೆರೆದು, ಒಂದೊಂದು ಬಟನ್ನಿನ ಮುಂದೆ ಕುಳಿತು, ಇದು ಯಾವಾಗ ಕೆಲಸ ಮಾಡಬೇಕು, ಯಾವಾಗ ಮಾಡಬಾರದು ಎಂದು ಬರೆಯುತ್ತ ಹೋದರು. ಬಸವರಾಜ ಗೊಣಗುತ್ತ ಜೊತೆಗೆ ಕುಳಿತ. ಇಳಕಲ್ಲಿಗೆ ಹೇಳಿದ ವಾರ ತಪ್ಪಿತು. ಆ ಕಾರ್ಖಾನೆಯ ಯಜಮಾನರು ಮುಂದಿನ ಕೆಲಸವನ್ನು ಹುಬ್ಬಳ್ಳಿಯವರಿಗೆ ಕೊಟ್ಟರು. ಮಾಲಕರು ಅಕ್ಕೋರ ಜೊತೆ ಬಹಳ ದಿನ ನೆಟ್ಟಗೆ ಮಾತಾಡಲಿಲ್ಲ.

ಆದರೆ ಹಳೆಯ ಕೆಲಸ ಮುಗಿಸಲು ನಾವು ಹೋಗಲೇಬೇಕಿತ್ತು. ಈ ಸಲ ಅಕ್ಕೋರು ಮೊದಲು ಪರದೆಯ ಹತ್ತಿರ ಹೋಗಲಿಲ್ಲ, ರಾಜೇಸಾಬನ ಹತ್ತಿರ ಹೋದರು. ಓಢಣಿಯನ್ನು ಸೊಂಟಕ್ಕೆ ಬಿಗಿದು, ನೀರಿನಲ್ಲಿ ನಿಂತು, ಟವೆಲ್ ಎಲ್ಲಿ ಹಾಕುತ್ತೀ, ಯಾವಾಗ ತೆಗೆಯುತ್ತೀ, ಪಾಳಿ ಬದಲಾದಾಗ ಏನು ಮಾಡುತ್ತೀರಿ ಎಂದು ಎಲ್ಲ ಕೇಳಿದರು. ಆಮೇಲೆ ವೆಲ್ಡಿಂಗಿನವನಿಂದ ಪರದೆಯ ಪಕ್ಕ ಒಂದು ಕೊಂಡಿ ಮಾಡಿಸಿದರು. ಟವೆಲ್ ತೂಗುಹಾಕಿದರೆ ಕೊಂಡಿ ಕೆಳಗೆ ಜಗ್ಗುತ್ತದೆ, ಒಳಗಿನ ಸ್ವಿಚ್ಚು ಬಿಡುತ್ತದೆ, ಪರದೆಯ ಮೇಲಿನ ಬಟನ್ ಬೂದು ಬಣ್ಣಕ್ಕೆ ತಿರುಗಿ, ಒತ್ತಿದರೂ ಕೆಲಸ ಮಾಡುವುದಿಲ್ಲ. ಆ ಬಟನ್ನಿನ ಎನೇಬಲ್ಡ್ ಎದುರಿಗೆ ಅವರು ಬರೆದದ್ದು ಅದನ್ನೇ: ಕೊಂಡಿ ಖಾಲಿ ಇದ್ದರೆ ಮಾತ್ರ.

ಮೊದಲ ಪರೀಕ್ಷೆಯಲ್ಲಿ ಅದು ಕೆಲಸ ಮಾಡಲಿಲ್ಲ. ರಾಜೇಸಾಬ ಮನೆಯಿಂದ ಒಗೆದ, ಒಣಗಿದ ಟವೆಲ್ ತಂದಿದ್ದ. ತೂಕ ಸಾಲಲಿಲ್ಲ. ಅಕ್ಕೋರ ಮುಖ ಸಪ್ಪಗಾಯಿತು. ರಾಜೇಸಾಬ ನೆಲದಿಂದ ಒಂದು ಕೆಂಪು ಗ್ರಾನೈಟಿನ ಚಕ್ಕೆ ಆರಿಸಿ, ಟವೆಲಿನ ಮೂಲೆಗೆ ಗಂಟು ಹಾಕಿ, ಮತ್ತೆ ತೂಗುಹಾಕಿದ. ಕೊಂಡಿ ಜಗ್ಗಿತು. ಬಟನ್ ಬೂದು ಬಣ್ಣಕ್ಕೆ ತಿರುಗಿತು. ಅವನು ತಲೆಯ ಕೆಳಗೆ ಕೈ ಹಾಕಿ ಅವರತ್ತ ನೋಡಿದ.

"ಒತ್ರಿ, ಮೇಡಂ."

"ಕೈ ತಗಿ ಮದಲ."

"ಒತ್ರಿ ಅಂದೇನಲ್ರಿ. ನಾನ ಹೇಳಾಕ ಹತ್ತೇನಿ."

ಅಕ್ಕೋರು ಒತ್ತಲಿಲ್ಲ. ಅವನು ಕೈ ತೆಗೆದ ಮೇಲೆ, ಟವೆಲ್ ಕೊಂಡಿಯಲ್ಲೇ ಇದ್ದಾಗ, ಒತ್ತಿದರು, ಮತ್ತೆ ಮತ್ತೆ ಒತ್ತಿದರು. ತಲೆ ಇಳಿಯಲಿಲ್ಲ. ಬೂದು ಬಣ್ಣ ಯಾಕೆ ಎಂದು ಆಮೇಲೆ ನನ್ನನ್ನು ಅವರು ಯಾವತ್ತೂ ಕೇಳಲಿಲ್ಲ.

ಅವರಿಬ್ಬರೂ ಸ್ನೇಹಿತರಾದರು ಎಂದು ಹೇಳಲಾರೆ. ವರ್ಷಕ್ಕೊಂದೆರಡು ಸಲ ನಾವು ಹೋದಾಗ ರಾಜೇಸಾಬ ದೂರದಿಂದಲೇ ಎರಡೂ ಅಂಗೈ ಎತ್ತಿ ತೋರಿಸುತ್ತಿದ್ದ. "ಎರಡೂ ಅದಾವ ನೋಡ್ರಿ, ಮೇಡಂ!" ಸುತ್ತಲಿನವರು ನಗುತ್ತಿದ್ದರು. ಅಕ್ಕೋರು ನಗುತ್ತಿರಲಿಲ್ಲ. ಎರಡೂ ಕೈಗಳನ್ನು ನಿಜವಾಗಿಯೂ ನೋಡಿ, ತಲೆಯಾಡಿಸಿ, ಕೆಲಸಕ್ಕೆ ಹೋಗುತ್ತಿದ್ದರು.

ಕಾಯಿಲೆ ಬಂದಾಗ ಬಾಗಲಕೋಟೆಯ ದವಾಖಾನೆಯಲ್ಲಿದ್ದರು. ನೋಡಲು ಹೋದಾಗ ಬಹಳ ಇಳಿದುಹೋಗಿದ್ದರು. ನರ್ಸು ಸೂಜಿ ಹಿಡಿದು ಬಂದರೆ ಅಷ್ಟರಲ್ಲೂ ಕೈ ಹಿಂದಕ್ಕೆಳೆದುಕೊಂಡು, "ನನ್ನ ಹೆಸರ ಕೇಳವ್ವಾ ಮದಲ," ಎನ್ನುತ್ತಿದ್ದರು. ಆ ಹುಡುಗಿ ಬೇಸರಪಡದೆ ಕೇಳುತ್ತಿದ್ದಳು. ಆಗ ಬಸವರಾಜ ಆಫೀಸಿನಲ್ಲಿ ಹೊಸದೊಂದು ಪರದೆ ಮಾಡುತ್ತಿದ್ದ. ಅವಸರದಲ್ಲಿ ಎನೇಬಲ್ಡ್ ಬರೆಯುವುದನ್ನು ಮರೆತಾಗಲೆಲ್ಲ ಕೆಂಪು ಸಾಲು ಬರುತ್ತಿತ್ತು. "ಅಕ್ಕೋರು ಬೈಯಾಕ ಹತ್ಯಾರ ನೋಡ್ರಿ," ಎಂದು ನಕ್ಕು ಬರೆಯುತ್ತಿದ್ದ. ಅವರು ತೀರಿಹೋದ ದಿನವೂ ಅವನಿಗೆ ಆ ಸಾಲು ಬಂತು. ಅಂದು ಅವನು ನಗದೆ ಎನೇಬಲ್ಡ್ ಬರೆದ.

ಸುದ್ದಿಯನ್ನು ಇಳಕಲ್ಲಿಗೆ ನಾನೇ ಫೋನ್ ಮಾಡಿ ಹೇಳಿದ್ದೆ. ರಾಜೇಸಾಬ ಬರುತ್ತಾನೆಂದು ನನಗೆ ಖಾತ್ರಿ ಇರಲಿಲ್ಲ.

ಹುನಗುಂದದ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಹಿಂದಿನ ಟ್ರೇಲರಿನಲ್ಲಿ ಅವರನ್ನು ಹೂವಿನ ನಡುವೆ ಕೂರಿಸಿದ್ದರು. ಹೊಲಕ್ಕೆ ಒಯ್ಯಲು ಹೊತ್ತಾಗಿತ್ತು. ಹೆಂಗಸರನ್ನು ಸರಿಸಿದರು. ಜನ ಮುಂದೆ ನಡೆಯಲು ಶುರು ಮಾಡಿದರು. ಅಣ್ಣ ಮುಂದಿನಿಂದ ಕೈ ಬೀಸಿ, "ಎಲ್ಲಾ ಆತು, ನಡಿ," ಎಂದು ಡ್ರೈವರನಿಗೆ ಕೂಗಿದರು. ಡ್ರೈವರ್ ಎಂಜಿನ್ ಶುರು ಮಾಡಿ ಗೇರಿಗೆ ಕೈ ಹಾಕಿದ.

ನಾನು ಹಿಂದೆ, ಟ್ರೇಲರಿನ ಪಕ್ಕ ನಿಂತಿದ್ದೆ. ಅದರ ಕಬ್ಬಿಣದ ಕಂಬಿಯ ಮೇಲೆ ಒಂದು ಟವೆಲ್ ತೂಗುತ್ತಿತ್ತು. ಅದರ ಮೂಲೆಯಲ್ಲಿ ಗಂಟು.

"ನಿಲ್ಲಸೋ!" ಎಂದು ಕೂಗಿದೆ. "ಟವೆಲ್ ಐತಿ!"

ಅಷ್ಟು ಜೋರಾಗಿ ನಾನು ಯಾವತ್ತೂ ಕೂಗಿದವನಲ್ಲ. ಎಲ್ಲರೂ ತಿರುಗಿ ನೋಡಿದರು. ಡ್ರೈವರ್ ಎಂಜಿನ್ ಬಂದ್ ಮಾಡಿದ. ಟ್ರೇಲರಿನ ಒಳಗೆ, ಹೂವಿನ ಆಚೆ, ರಾಜೇಸಾಬ ಅವರ ಪಾದದ ಹತ್ತಿರ ಬಗ್ಗಿ ಕುಳಿತಿದ್ದ. ಎರಡೂ ಅಂಗೈಗಳನ್ನು ಅವರ ಮುಖದ ಎದುರು ಬಿಚ್ಚಿ ಹಿಡಿದಿದ್ದ. ಅವನ ತುಟಿ ಅಲುಗುತ್ತಿತ್ತು. ದುವಾ ಮಾಡುತ್ತಿದ್ದನೋ, ಕೈ ತೋರಿಸುತ್ತಿದ್ದನೋ, ನಾನು ಕೇಳಲಿಲ್ಲ.

ಯಾರೋ ಹುಡುಗರು ಟವೆಲ್ ತೆಗೆಯಲು ಕೈ ಚಾಚಿದರು. ನಾನು ಅವರ ಕೈ ಹಿಡಿದೆ. ಓಣಿಯ ಜನವೆಲ್ಲ ನಿಂತು ಕಾಯಿತು.

ರಾಜೇಸಾಬ ತನ್ನ ಹೊತ್ತು ತೆಗೆದುಕೊಂಡು ಎದ್ದ. ಕೆಳಗಿಳಿದ. ತಾನೇ ಟವೆಲ್ ಎತ್ತಿಕೊಂಡ. ಗಂಟಿನೊಳಗಿನ ಕಲ್ಲು ಕಂಬಿಗೆ ತಾಗಿ ಟಣ್ ಎಂದಿತು. ಟವೆಲನ್ನು ಹೆಗಲಿಗೆ ಹಾಕಿಕೊಂಡು, ಡ್ರೈವರನ ಕಡೆ ನೋಡಿ ಹೇಳಿದ.

"ಹೂಂ. ಈಗ ಒಯ್ರಿ."